ದುಡ್ಡಿಗಿಂತ ಮೊದಲು ಕಾಗದ: ಕೊಡಗಿನವರು ಕ್ಯಾನ್ಸರ್ ಚಿಕಿತ್ಸೆಗೆ ನೆರವು ಪಡೆಯುವುದು ಹೇಗೆ?

ಬಯಾಪ್ಸಿ (ಗಡ್ಡೆಯ ತುಣುಕು ತೆಗೆದು ಮಾಡುವ ಪರೀಕ್ಷೆ) ವರದಿ ಕೈಗೆ ಬಂದ ದಿನ ನಮ್ಮ ಕಡೆ ಮನೆಯವರು ಮೊದಲು ಒಡವೆ ಹಿಡಿದು ಬ್ಯಾಂಕಿಗೆ ಹೋಗುತ್ತಾರೆ. ಆಮೇಲೆ, ಇನ್ನೂ ಗಿಡದಲ್ಲೇ ಇರುವ ಕಾಫಿಗೆ ವ್ಯಾಪಾರಿಯ ಹತ್ತಿರ ಮುಂಗಡ ತರುತ್ತಾರೆ. ಅದಾದ ಮೇಲೆ ಯಾರೋ ನೆಂಟರು ಹೇಳಿದ ಆಸ್ಪತ್ರೆಗೆ ಕಾರು ಮಾಡಿಕೊಂಡು ಹೋಗಿ ಅಡ್ಮಿಟ್ ಮಾಡುತ್ತಾರೆ. ಎರಡು ತಿಂಗಳು ಕಳೆದ ಮೇಲೆ ಬಿಲ್ಲುಗಳ ಕಟ್ಟು ಹಿಡಿದು, "ಸರ್ಕಾರದಿಂದ ಏನಾದರೂ ಸಿಗುತ್ತದಾ ನೋಡಿ ಸಾರ್" ಅಂತ ನಮ್ಮ ಜಗಲಿಗೆ ಬರುತ್ತಾರೆ.

ಆಗ ಹೇಳಬೇಕಾದ ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ಹೆಚ್ಚಿನ ಯೋಜನೆಗಳು ಮುಂದೆ ಆಗುವ ಖರ್ಚಿಗೆ ಕೊಡುತ್ತವೆ, ಆಗಿಹೋದ ಖರ್ಚಿಗೆ ಕೊಡುವುದಿಲ್ಲ.

ನಾನು ಡಾಕ್ಟರಲ್ಲ, ನಿವೃತ್ತ ಗುಮಾಸ್ತ. ಅಕ್ಕನ ಕಾಯಿಲೆಯಲ್ಲಿ ನಾನೇ ಇದೇ ತಪ್ಪು ಮಾಡಿ ಕಲಿತವನು. ಊರಿನ ನಾಲ್ಕಾರು ಮನೆಯವರ ಫೈಲು ಹೊತ್ತು ಓಡಾಡಿದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಒಂದು ಫೈಲು, ಒಬ್ಬರೇ ಹೊಣೆ

ಮನೆಯಲ್ಲಿ ಒಬ್ಬರು ಮಾತ್ರ ಕಾಗದದ ಹೊಣೆ ಹೊರಲಿ. ರೋಗಿಯ ಪಕ್ಕ ಕೂರುವವರು ಬೇರೆಯವರಿರಲಿ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಬಯಾಪ್ಸಿ ವರದಿ, ಸ್ಕ್ಯಾನ್ ವರದಿ, ಪಾಸ್‌ಪೋರ್ಟ್ ಅಳತೆಯ ಫೋಟೊ, ಇವು ಐದೈದು ಜೆರಾಕ್ಸ್ ಇರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕಪಾಟಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುವಾಗ ಕಾಗದದ ಪಾಡು ಹೇಳಬೇಕಾಗಿಲ್ಲ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ತಗೊಳ್ಳಿ. ಲ್ಯಾಮಿನೇಷನ್ ಮಾತ್ರ ಮಾಡಿಸಲೇಬೇಡಿ. ಸೀಲು ಹಾಕಬೇಕಾದ ಕಾಗದಕ್ಕೆ ಪ್ಲಾಸ್ಟಿಕ್ ಹೊದಿಸಿಟ್ಟರೆ ಕಚೇರಿಯವರು ಎಲ್ಲಿ ಸೀಲು ಒತ್ತಬೇಕು?

ಹೆಜ್ಜೆ 2: ಹೆಸರು ಸರಿಮಾಡಿಕೊಳ್ಳಿ

ಇದು ಸಣ್ಣ ವಿಷಯ ಅನ್ನಿಸುತ್ತದೆ. ಕೊಡಗಿನಲ್ಲಿ ಇದೇ ದೊಡ್ಡ ತಲೆನೋವು.

ನಮ್ಮಲ್ಲಿ ಮನೆಹೆಸರು ಮುಂದೆ, ಸ್ವಂತ ಹೆಸರು ಹಿಂದೆ. ಆಧಾರ್‌ನಲ್ಲಿ ಮನೆಹೆಸರಿಗೆ ಬರೀ ಇನಿಷಿಯಲ್, ರೇಷನ್ ಕಾರ್ಡಿನಲ್ಲಿ ಪೂರ್ತಿ ಮನೆಹೆಸರು, ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಅದೇ ತಲೆಕೆಳಗಾಗಿ ಕೊನೆಯಲ್ಲಿ. ಮದುವೆಯಾದ ಹೆಣ್ಣುಮಕ್ಕಳ ಕಥೆ ಇನ್ನೂ ಕಷ್ಟ. ಹಳೆಯ ದಾಖಲೆಯಲ್ಲಿ ತವರಿನ ಒಕ್ಕದ (ಮನೆತನದ) ಹೆಸರು, ಹೊಸದರಲ್ಲಿ ಗಂಡನ ಒಕ್ಕದ ಹೆಸರು. ಅಕ್ಕನ ಬಯಾಪ್ಸಿ ವರದಿ ತವರಿನ ಹೆಸರಿನಲ್ಲಿ ಬಂತು, ಆಧಾರ್ ಇದ್ದದ್ದು ಗಂಡನ ಮನೆಯ ಹೆಸರಿನಲ್ಲಿ. ನಗರದ ಆಸ್ಪತ್ರೆಯ ಕೌಂಟರಿನಲ್ಲಿ, "ಇದು ಬೇರೆ ಪೇಷೆಂಟ್" ಎಂದು ಕಾಗದ ವಾಪಸ್ ತಳ್ಳಿದರು. ವರದಿ ತಿದ್ದಿಸಿ ತರಲು ಹನ್ನೊಂದು ದಿನ ಹೋಯಿತು.

ಆದ್ದರಿಂದ ಮೊದಲ ಸಲ ಲ್ಯಾಬಿನಲ್ಲಿ ಹೆಸರು ಬರೆಸುವಾಗಲೇ ಆಧಾರ್ ಕಾರ್ಡ್ ಎದುರಿಗಿಟ್ಟು, ಅಕ್ಷರಕ್ಕೆ ಅಕ್ಷರ ಹಾಗೆಯೇ ಬರೆಸಿ. ಬಾಯಲ್ಲಿ ಹೇಳಬೇಡಿ. ವಯಸ್ಸೂ ಅಷ್ಟೇ, ಅಂದಾಜಿನ ಮೇಲೆ ಹೇಳಬೇಡಿ. ರೇಷನ್ ಕಾರ್ಡಿನಲ್ಲಿ ರೋಗಿಯ ಹೆಸರೇ ಇಲ್ಲದಿದ್ದರೆ, ಮದುವೆಯಾಗಿ ಬಂದ ಸೊಸೆಯಂದಿರಿಗೆ ಹೀಗೆ ಆಗುವುದುಂಟು, ತಾಲ್ಲೂಕು ಕಚೇರಿಯ ಆಹಾರ ಶಾಖೆಯಲ್ಲಿ ವಿಚಾರಿಸಿ ಅದನ್ನು ಇವತ್ತೇ ಶುರು ಮಾಡಿ.

ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮಾಡಿಸಿ. ಜಮ್ಮಾ ಜಾಗದವರಿಗೆ, ಅಂದರೆ ಇಡೀ ಒಕ್ಕಕ್ಕೆ ಸೇರಿದ ಹಳೆಯ ಹಿಡುವಳಿ ಇರುವವರಿಗೆ, ಇಲ್ಲೊಂದು ತೊಡಕು. ಎಷ್ಟೋ ಪಹಣಿಗಳಲ್ಲಿ ಪಟ್ಟೆದಾರರ (ಒಕ್ಕದ ಹಿರಿಯರ) ಹೆಸರಿನಡಿ ಇಡೀ ಒಕ್ಕದ ಜಾಗ ಕಾಣುತ್ತದೆ, ಅದನ್ನು ನೋಡಿದವರಿಗೆ ನೀವು ದೊಡ್ಡ ಜಮೀನ್ದಾರರ ಹಾಗೆ ಕಾಣುತ್ತೀರಿ. ನಿಮ್ಮ ಪಾಲಿಗೆ ಬರುವುದು ಎರಡೋ ಮೂರೋ ಎಕರೆ ಆಗಿದ್ದರೆ ಗ್ರಾಮ ಆಡಳಿತಾಧಿಕಾರಿಗೆ ಸ್ವಾಧೀನದ ಸಂಗತಿ ಬಿಡಿಸಿ ಹೇಳಿ, ಅವರ ವರದಿಯಲ್ಲಿ ಬರುವ ಹಾಗೆ ನೋಡಿಕೊಳ್ಳಿ.

ಹೆಜ್ಜೆ 3: ರೆಫರಲ್ ಮತ್ತು ಅಪ್ರೂವಲ್ (ನಿಧಾನವಾಗಿ ಓದಿ)

ಎಡವುವವರೆಲ್ಲ ಎಡವುವುದು ಇಲ್ಲಿ.

ನಮ್ಮ ರಾಜ್ಯದಲ್ಲಿ 2018ರಿಂದ ಇರುವುದು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರದ) ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿ. ಈ ಮೊತ್ತ ಒಬ್ಬರಿಗಲ್ಲ, ಇಡೀ ಕುಟುಂಬಕ್ಕೆ. ಅದೇ ವರ್ಷ ಅಪ್ಪನಿಗೆ ಬೈಪಾಸ್ ಆಗಿದ್ದರೆ ಅದೂ ಇದೇ ಲೆಕ್ಕದಿಂದ ಹೋಗುತ್ತದೆ.

"ನಮ್ಮದು ಎಪಿಎಲ್, ಏನೂ ಸಿಗಲ್ಲ" ಎಂದು ಕಾರ್ಡನ್ನೇ ತೋರಿಸದ ಬೆಳೆಗಾರರನ್ನು ಎಷ್ಟೋ ಜನ ನೋಡಿದ್ದೇನೆ. ಶೇ 30 ಕಡಿಮೆಯೇ, ಒಪ್ಪಿದೆ. ಆದರೆ ಉಳಿದ ಶೇ 70ನ್ನು ನೀವು ಕಟ್ಟುವುದು ಸರ್ಕಾರದ ಪ್ಯಾಕೇಜ್ ದರದ ಲೆಕ್ಕದಲ್ಲಿ, ಆಸ್ಪತ್ರೆಯ ಸ್ವಂತ ದರದಲ್ಲಲ್ಲ. ಉಳಿತಾಯ ಇರುವುದು ಅಲ್ಲಿ.

ಈಗ ಕ್ರಮ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ನಮಗೆ ಅಂದರೆ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಹಳಬರ ಬಾಯಲ್ಲಿ ಇನ್ನೂ ಜಿಲ್ಲಾಸ್ಪತ್ರೆ. ಬೇಕಾದ ಚಿಕಿತ್ಸೆ ಅಲ್ಲಿ ಇಲ್ಲ ಎಂದಾದರೆ ವೈದ್ಯರು ರೆಫರಲ್ ಕೊಡುತ್ತಾರೆ. ಆ ಚೀಟಿ ಹಿಡಿದು ಯೋಜನೆಯಲ್ಲಿ ನೋಂದಾಯಿಸಿಕೊಂಡ ಆಸ್ಪತ್ರೆಗೆ ಹೋಗಬೇಕು. ಅಲ್ಲಿ 'ಆರೋಗ್ಯ ಮಿತ್ರ' ಎಂಬ ಸಿಬ್ಬಂದಿ ಇರುತ್ತಾರೆ. ಡಾಕ್ಟರನ್ನು ನೋಡುವ ಮುಂಚೆಯೇ ಅವರನ್ನು ಹುಡುಕಿ. ಅವರ ಮೂಲಕ ಬಯಾಪ್ಸಿ ವರದಿ ಮತ್ತು ಚಿಕಿತ್ಸೆಯ ಯೋಜನೆ ಆನ್‌ಲೈನ್‌ನಲ್ಲಿ ಈ ಯೋಜನೆ ನಡೆಸುವ ಸರ್ಕಾರದ ಟ್ರಸ್ಟಿಗೆ ಹೋಗಿ ಅನುಮತಿ ಬರಬೇಕು. ಅನುಮತಿ ಬಂದ ಮೇಲೆ ಚಿಕಿತ್ಸೆ.

ಜನ ಮಾಡುವುದು ತಿರುಗಾಮುರುಗಾ. ಮೊದಲು ಅಡ್ವಾನ್ಸ್ ಕಟ್ಟಿ, 'ಕ್ಯಾಶ್ ಪೇಷೆಂಟ್' ಎಂದು ಸಹಿ ಹಾಕಿ, ಆಪರೇಷನ್ ಮುಗಿಸಿ, ಡಿಸ್ಚಾರ್ಜ್ ದಿನ ಕಾರ್ಡು ತೆಗೆಯುತ್ತಾರೆ. ಆಗ ಆರೋಗ್ಯ ಮಿತ್ರರಿಗೂ ಮಾಡಲು ಏನೂ ಉಳಿದಿರುವುದಿಲ್ಲ. ನಾನೂ ಅಕ್ಕನ ವಿಷಯದಲ್ಲಿ ಹೀಗೆಯೇ ಮಾಡಿದ್ದೆ. ಅಡ್ಮಿಷನ್ ಕೌಂಟರಿನಲ್ಲಿದ್ದ ಹುಡುಗ, "ಮೊದಲು ಕಟ್ಟಿಬಿಡಿ ಅಂಕಲ್, ಸ್ಕೀಮ್ ಆಮೇಲೆ ಹಾಕೋಣ" ಅಂದ. ನಂಬಿದೆ. ಆ 'ಆಮೇಲೆ' ಬರಲೇ ಇಲ್ಲ.

ಹಾಗಾಗಿ ಯಾವ ಕಾಗದಕ್ಕೂ ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ. ಈ ಆಸ್ಪತ್ರೆ ಯೋಜನೆಯಲ್ಲಿದೆಯೇ? ಇದ್ದರೆ, ಕ್ಯಾನ್ಸರ್ ವಿಭಾಗವೂ ಸೇರಿದೆಯೇ? ನಮ್ಮ ಚಿಕಿತ್ಸೆ ಯಾವ ಪ್ಯಾಕೇಜಿನಲ್ಲಿ ಬರುತ್ತದೆ, ಅದರ ಹೊರಗೆ ನಾವು ಕೈಯಿಂದ ಕೊಡಬೇಕಾದ್ದು ಏನೇನು? ಎರಡನೆಯ ಪ್ರಶ್ನೆಯನ್ನು ಬಿಡಬೇಡಿ. ಬೋರ್ಡಿನಲ್ಲಿ ಯೋಜನೆಯ ಹೆಸರಿದ್ದ ಮಾತ್ರಕ್ಕೆ ಎಲ್ಲ ವಿಭಾಗವೂ ಅದರೊಳಗಿದೆ ಎಂದಲ್ಲ. ಕಿಮೊ (ಸುತ್ತು ಸುತ್ತಾಗಿ ಕೊಡುವ ಕ್ಯಾನ್ಸರ್ ಔಷಧ) ಇದ್ದರೆ ಪ್ರತಿ ಸೈಕಲ್‌ಗೂ ಅನುಮತಿ ಬಂದಿದೆಯೇ ಎಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಮೈಸೂರಿಗೆ ನೂರಿಪ್ಪತ್ತು ಕಿಲೊಮೀಟರ್ ಹೋಗಿ "ಅಪ್ರೂವಲ್ ಬಂದಿಲ್ಲ" ಎಂದು ಕೇಳಿ ವಾಪಸ್ ಬಂದವರಿದ್ದಾರೆ. ಅನುಮಾನ ಇದ್ದರೆ 104ಕ್ಕೆ ಕರೆ ಮಾಡಿ, ಅದು ಆರೋಗ್ಯ ಸಹಾಯವಾಣಿ. ಜೀವಕ್ಕೆ ಅಪಾಯವಿರುವ ತುರ್ತು ಸ್ಥಿತಿಯಲ್ಲಿ ರೆಫರಲ್ ಚೀಟಿಗಾಗಿ ಕಾಯಬೇಕಿಲ್ಲ, ನೇರ ಹೋಗಿ.

ಇಲ್ಲೇ ಇನ್ನೊಂದು ಮಾತು. 'ಆಭಾ' ಕಾರ್ಡು ಬೇರೆ, ಆಯುಷ್ಮಾನ್ ಕಾರ್ಡು ಬೇರೆ. ಆಭಾ ಎಂದರೆ ನಿಮ್ಮ ಆರೋಗ್ಯ ದಾಖಲೆಗಳಿಗೊಂದು ನಂಬರ್, ಅಷ್ಟೇ. ಅದರಿಂದ ಒಂದು ಪೈಸೆ ಸಿಗುವುದಿಲ್ಲ. ಇದನ್ನೇ ಬಣ್ಣಬಣ್ಣದ ಪ್ಲಾಸ್ಟಿಕ್ ಕಾರ್ಡಿನಲ್ಲಿ ಮುದ್ರಿಸಿ "ಐದು ಲಕ್ಷದ ಕಾರ್ಡು" ಎಂದು ಸಂತೆ ದಿನ ಮಾರುವವರಿದ್ದಾರೆ. ತಗೊಳ್ಳಬೇಡಿ.

ಎಲ್ಲಿಗೆ ಹೋಗಬೇಕು? ನನ್ನನ್ನು ಕೇಳಿದರೆ ಮೊದಲ ಅಭಿಪ್ರಾಯಕ್ಕೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಅದು ಸರ್ಕಾರಿ ಸಂಸ್ಥೆ, ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೂ ಹೌದು. ಬಡ ಕ್ಯಾನ್ಸರ್ ರೋಗಿಗಳಿಗೆ ಕೇಂದ್ರ ಆರೋಗ್ಯ ಸಚಿವರ ನಿಧಿಯ ಹಣ ಬರುವುದು ಇಂಥ ಪ್ರಾದೇಶಿಕ ಕೇಂದ್ರಗಳ ಮೂಲಕ. ಜನಸಂದಣಿ ಇದೆ, ಸಾಲು ಇದೆ, ಬೇಸರ ಬರುತ್ತದೆ. ಆದರೂ ಅಲ್ಲಿ ಚಿಕಿತ್ಸೆಯ ಯೋಜನೆ ಬರೆಸಿಕೊಂಡು ಬಂದರೆ ಬೇರೆ ಆಸ್ಪತ್ರೆಯವರ ಮಾತಿನ ತೂಕ ನಿಮಗೆ ಗೊತ್ತಾಗುತ್ತದೆ. ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಹತ್ತಿರ. ಅದು ಕೇರಳ ಸರ್ಕಾರದ ಅಡಿಯದು. ನಮ್ಮ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂಬುದನ್ನು ಹೋಗುವ ಮುಂಚೆ ಕಾರ್ಡಿನ ನಂಬರ್ ಕೊಟ್ಟು ಫೋನಿನಲ್ಲೇ ಖಚಿತ ಮಾಡಿಕೊಳ್ಳಿ. ಮಳೆಗಾಲದಲ್ಲಿ ಆ ಘಾಟಿ ರಸ್ತೆ ಕುಸಿದು ಬಂದ್ ಆಗುವುದುಂಟು, ಆರು ಕಿಮೊ ಬರೆದುಕೊಟ್ಟರೆ ತಾರೀಖುಗಳನ್ನು ನೋಡಿ ತೀರ್ಮಾನಿಸಿ.

ಹೆಜ್ಜೆ 4: ಉಳಿದ ಹಣ

ಎಸ್ಟಿಮೇಟ್ ಪತ್ರ ಕೇಳಿ ತೆಗೆದುಕೊಳ್ಳಿ. ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಕಾಯಿಲೆಯ ಹೆಸರು, ಚಿಕಿತ್ಸೆ, ಅಂದಾಜು ಖರ್ಚು, ಡಾಕ್ಟರ ಸಹಿ, ಸೀಲು. ಇದು ಚಿಕಿತ್ಸೆಗೆ ಮೊದಲೇ ಕೈಯಲ್ಲಿರಬೇಕು. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಅರ್ಜಿ ಹಾಕುವಾಗ ಮೂಲ ಎಸ್ಟಿಮೇಟ್, ಆದಾಯ ಪ್ರಮಾಣಪತ್ರ, ವಾಸದ ದಾಖಲೆ, ಎರಡು ಫೋಟೊ ಬೇಕು. ಹಣ ಮಂಜೂರಾದರೆ ನೇರ ಆಸ್ಪತ್ರೆಗೆ ಹೋಗುತ್ತದೆ, ನೀವು ಆಗಲೇ ಕಟ್ಟಿದ್ದು ವಾಪಸ್ ಬರುವುದಿಲ್ಲ. ಸಂಸದರ ಕಚೇರಿಯಿಂದ ಒಂದು ಪತ್ರ ಜೊತೆಗಿದ್ದರೆ ಒಳ್ಳೆಯದು.

ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಬಿಲ್, ಡಿಸ್ಚಾರ್ಜ್ ಸಾರಾಂಶ, ಬ್ಯಾಂಕ್ ವಿವರ ಸೇರಿಸಿ ಅರ್ಜಿ ಹಾಕಿ. ಮೂಲ ಬಿಲ್ ಕೊಡುವ ಮುಂಚೆ ಎರಡು ಪ್ರತಿ ತೆಗೆದಿಟ್ಟುಕೊಳ್ಳಿ. ಈ ಕೆಲಸಕ್ಕೆ "ಇಷ್ಟು ಪರ್ಸೆಂಟ್ ಕೊಡಿ, ನಾನು ಮಾಡಿಸುತ್ತೇನೆ" ಎನ್ನುವವರು ಬರುತ್ತಾರೆ. ಅವರಿಗೆ ಒಂದು ಲೋಟ ಕಾಫಿ ಕೊಟ್ಟು ಕಳುಹಿಸಿ, ಕಾಗದ ಕೊಡಬೇಡಿ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ. ಅದರಲ್ಲಿ ನಿಮ್ಮ ಆಪರೇಷನ್, ಕಿಮೊ, ರೇಡಿಯೇಷನ್ ಯಾವುದೆಲ್ಲ ಬರುತ್ತದೆ ಎಂದು ಆಸ್ಪತ್ರೆಯಲ್ಲೇ ಕೇಳಿ ಬರೆಸಿಕೊಳ್ಳಿ. ಕಟ್ಟಡ ಕೆಲಸದವರು ಕಾರ್ಮಿಕ ಮಂಡಳಿಯ ಗುರುತಿನ ಚೀಟಿ ಹೊಂದಿದ್ದರೆ ದೊಡ್ಡ ಕಾಯಿಲೆಗೆ ಬೇರೆ ನೆರವು ಉಂಟು, ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ. ಲೈನ್‌ಮನೆಯ (ಎಸ್ಟೇಟ್ ಕೆಲಸದವರ ಸಾಲುಮನೆಯ) ಯರವ, ಜೇನುಕುರುಬ, ಬೆಟ್ಟಕುರುಬ ಕುಟುಂಬಗಳು ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿಯನ್ನು ಕೇಳಬೇಕು. ಅವರಿಗೆ ಕೇಳಲು ಸಂಕೋಚ. ಎಸ್ಟೇಟಿನ ಮಾಲೀಕರು ಒಂದು ದಿನ ಜೀಪು ಕೊಟ್ಟು ರೈಟರನ್ನು (ಎಸ್ಟೇಟಿನ ಗುಮಾಸ್ತರನ್ನು) ಜೊತೆಗೆ ಕಳುಹಿಸಿದರೆ ಕೆಲಸ ಆಗುತ್ತದೆ. ಕೈಗೆ ಐನೂರು ರೂಪಾಯಿ ಕೊಟ್ಟು "ಹೋಗಿ ಬಾ" ಎಂದರೆ ಆಗುವುದಿಲ್ಲ.

ಆದಾಯ ತೆರಿಗೆ ಕಟ್ಟುವವರು ಹಳೆಯ ಪದ್ಧತಿಯಲ್ಲಿದ್ದರೆ ಚಿಕಿತ್ಸೆಗೆ ಕೊಟ್ಟದ್ದರಲ್ಲಿ 40,000 ರೂಪಾಯಿವರೆಗೆ, ರೋಗಿ ಹಿರಿಯ ನಾಗರಿಕರಾದರೆ 1 ಲಕ್ಷದವರೆಗೆ ತೆರಿಗೆ ಬೀಳುವ ಆದಾಯದಿಂದ ಕಳೆಯಬಹುದು. ತಜ್ಞ ವೈದ್ಯರ ಚೀಟಿ ಇಟ್ಟುಕೊಂಡಿರಬೇಕು.

ಮರೆತೇಹೋಗುವ ಇನ್ನೊಂದು ದುಡ್ಡು ಸೊಸೈಟಿ ಸಾಲದ್ದು. ಬಡ್ಡಿ ಇಲ್ಲದ ಬೆಳೆಸಾಲಕ್ಕೆ ಬಡ್ಡಿ ಇಲ್ಲದಿರುವುದು ಗಡುವಿನೊಳಗೆ ಕಟ್ಟಿದರೆ ಮಾತ್ರ. ಆಸ್ಪತ್ರೆಯ ಓಡಾಟದಲ್ಲಿ ಗಡುವು ದಾಟಿ, ಬಡ್ಡಿ ಬಿದ್ದವರು ನಮ್ಮ ಸಂಘದಲ್ಲೇ ಇದ್ದಾರೆ. ಕಾರ್ಯದರ್ಶಿಗೆ ಮೊದಲೇ ಹೇಳಿಡಿ.

ಹೆಜ್ಜೆ 5: ಓಡಾಟ

ಹೆಣ್ಣುಮಕ್ಕಳಿಗೆ, ರೋಗಿಯಾಗಲಿ ಜೊತೆಯವರಾಗಲಿ, 2023ರ ಜೂನ್‌ನಿಂದ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತ. ರಾಜಹಂಸ, ಐರಾವತಕ್ಕೆ ಅನ್ವಯವಿಲ್ಲ. ಆದರೆ ಕಿಮೊ ಮುಗಿಸಿ ಬರುವ ದಿನ ಘಾಟಿಯ ತಿರುವಿನಲ್ಲಿ ಸಾಮಾನ್ಯ ಬಸ್ ಬೇಡ. ಹೋಗುವಾಗ ಉಳಿಸಿ, ಬರುವಾಗ ಖರ್ಚು ಮಾಡಿ.

ಜಿಲ್ಲೆಗೆ ರೈಲೇ ಇಲ್ಲ. ಅದಕ್ಕೇ ನಮ್ಮವರಿಗೆ ರೈಲಿನ ರಿಯಾಯಿತಿ ಗೊತ್ತಿಲ್ಲ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ-ಟಯರ್ ಎಸಿಯಲ್ಲಿ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿ. ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಸರ್ಟಿಫಿಕೇಟ್ ಬರೆಸಿಕೊಳ್ಳಬೇಕು. ಮೈಸೂರಿನಿಂದಲೋ ತಲಶ್ಶೇರಿಯಿಂದಲೋ ಮುಂಬೈವರೆಗೆ ಹೋಗುವವರಿಗೆ ಇದು ದೊಡ್ಡ ಮೊತ್ತ.

ಹೆಜ್ಜೆ 6: ಮನೆ

ಔಷಧಿ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ಬರೆಸಿಕೊಳ್ಳಿ, ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ. ಆರು ನೂರು, ಎಂಟು ನೂರಿನ ಪ್ರೊಟೀನ್ ಪುಡಿ ಡಬ್ಬಗಳನ್ನು ನೆಂಟರು ತರುತ್ತಾರೆ. ಡಾಕ್ಟರು ಹೇಳದ ಹೊರತು ಅವುಗಳ ಬದಲು ಬೇಯಿಸಿದ ಮೊಟ್ಟೆ, ಹೆಸರುಬೇಳೆ ಗಂಜಿ ನನ್ನ ಆಯ್ಕೆ. "ಕ್ಯಾನ್ಸರ್ ಕರಗಿಸುವ" ಬಾಟಲಿ ತರುವವರನ್ನು ಗೇಟಿನಲ್ಲೇ ನಿಲ್ಲಿಸಿ, ಅದರಿಂದ ಯಕೃತ್ತು ಕೆಟ್ಟರೆ ಕಿಮೊ ಮುಂದೆ ಹೋಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಸಹಾಯ ಕೇಳುವುದಿದ್ದರೆ ರೋಗಿಯ ಒಪ್ಪಿಗೆ ಕೇಳಿ, ಕ್ಯೂಆರ್ ಕೋಡ್ ರೋಗಿಯ ಅಥವಾ ಮನೆಯವರ ಖಾತೆಯದ್ದೇ ಇರಲಿ. ಮೆಸೇಜ್ ಹತ್ತು ಗುಂಪು ದಾಟುವಷ್ಟರಲ್ಲಿ ಕೋಡ್ ಬದಲಾಗಿರುವುದನ್ನು ಕಣ್ಣಾರೆ ಕಂಡಿದ್ದೇನೆ.

ಚಿಕಿತ್ಸೆ ಇನ್ನು ಬೇಡ ಎಂದು ಡಾಕ್ಟರೇ ಹೇಳುವ ದಿನವೂ ಕೆಲವು ಮನೆಗಳಿಗೆ ಬರುತ್ತದೆ. ಆಗ ಮತ್ತೊಂದು ಆಸ್ಪತ್ರೆಗೆ ಮತ್ತೊಂದು ಅಡ್ವಾನ್ಸ್ ಕಟ್ಟುವ ಮುಂಚೆ "ನೋವು ಶಮನದ ಚಿಕಿತ್ಸೆ ಎಲ್ಲಿದೆ?" ಎಂದು ಅದೇ ಡಾಕ್ಟರನ್ನು ಕೇಳಿ. ಮಾರ್ಫಿನ್ ಮಾತ್ರೆ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ, ಪರವಾನಗಿ ಇರುವಲ್ಲಿ ಮಾತ್ರ. ಆದ್ದರಿಂದ ಆಸ್ಪತ್ರೆ ಬಿಡುವ ದಿನವೇ ಎಷ್ಟು ದಿನಕ್ಕೆ ಕೊಟ್ಟಿದ್ದಾರೆ, ಮುಗಿದರೆ ಎಲ್ಲಿ ಎಂದು ಬರೆಸಿಕೊಳ್ಳಿ. ಬೆಂಗಳೂರಿನ ಕರುಣಾಶ್ರಯದಲ್ಲಿ ಇಂಥ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಾರೆ. ನೋವು ಶಮನದ ಚಿಕಿತ್ಸೆ ಇದೆ ಎಂದು ಅಕ್ಕನಿಗೆ ಗೊತ್ತಾದದ್ದು ಕೊನೆಯ ಮೂರು ವಾರದಲ್ಲಿ. ಆ ಮೂರು ವಾರ ಅವಳು ರಾತ್ರಿ ನಿದ್ದೆ ಮಾಡಿದಳು.