ಮಿಲ್ಲಿಂಗ್ ಮೆಷಿನ್‌ನಲ್ಲಿ ಡ್ರಿಲ್ ಚಕ್ ಔಟ್ ತಿರುಗಿದರೆ

8 ಮಿಮೀ ಬಿಟ್ ಹಾಕಿ ಕೊರೆದ ತೂತು 8.2 ಬರುತ್ತದೆ, ಬಿಟ್‌ನ ತುದಿ ಪಂಚ್ ಗುರುತಿನ ಸುತ್ತ ಸುಳಿಯುತ್ತದೆ. ಕೂಡಲೇ ಚಕ್ (ಬಿಟ್ ಕಚ್ಚಿ ಹಿಡಿಯುವ ಭಾಗ) ಹೋಯಿತೆಂದು ಹೊಸದು ತರಿಸುವವರೇ ಹೆಚ್ಚು. ಹೊಸದು ಹಾಕಿದ ಮೇಲೂ ತೂತು ಹಾಗೆಯೇ ಬರುವುದುಂಟು. ಸ್ಪಿಂಡಲ್ (ಮೆಷಿನ್‌ನ ತಿರುಗುವ ದಂಡ), ಆರ್ಬರ್ (ಸ್ಪಿಂಡಲ್‌ಗೆ ಚಕ್ ಜೋಡಿಸುವ ತುಂಡು), ಚಕ್, ಬಿಟ್ ಈ ನಾಲ್ಕರಲ್ಲಿ ಯಾವುದು ಎಷ್ಟು ಔಟ್ ಇದೆಯೆಂದು, ಅಂದರೆ ನಡುವಿನಿಂದ ಎಷ್ಟು ಸರಿದು ತಿರುಗುತ್ತಿದೆಯೆಂದು, ಬೇರೆ ಬೇರೆ ಅಳೆಯದೆ ಚಕ್‌ಗೆ ದುಡ್ಡು ಹಾಕಬೇಡಿ.

ಬಿಟ್‌ನಿಂದ ಶುರು ಮಾಡಿ. ಸರ್ಫೇಸ್ ಪ್ಲೇಟ್ (ತೀರಾ ಸಪಾಟಾದ ಹಲಗೆ) ಮೇಲೆ ಉರುಳಿಸಿದರೆ ಬಾಗಿದ್ದು ಕಾಣುತ್ತದೆ. ಕೈಯಲ್ಲಿ ಗ್ರೈಂಡ್ ಮಾಡಿದ ಬಿಟ್‌ನ ಎರಡು ಕಟಿಂಗ್ ಎಡ್ಜ್ ಸಮ ಉದ್ದ ಇಲ್ಲದಿದ್ದರೆ, ಚಕ್ ಎಷ್ಟೇ ಸರಿಯಿದ್ದರೂ ತೂತು ದೊಡ್ಡದಾಗಿಯೇ ಬರುತ್ತದೆ.

ಇನ್ನು ಮೆಷಿನ್. ಮೇನ್ ಸ್ವಿಚ್ ಆಫ್ ಮಾಡಿ, ಗೇರ್ ನ್ಯೂಟ್ರಲ್‌ಗೆ ತಂದು, ಸ್ಪಿಂಡಲನ್ನು ಕೈಯಿಂದಲೇ ತಿರುಗಿಸಿ. ಮ್ಯಾಗ್ನೆಟಿಕ್ ಬೇಸನ್ನು ಟೇಬಲ್ ಮೇಲಿಟ್ಟು, ಲೆವರ್ ಡಯಲ್‌ನ (ಸಣ್ಣ ವ್ಯತ್ಯಾಸವನ್ನೂ ಸೂಜಿಯಲ್ಲಿ ತೋರಿಸುವ ಅಳತೆಯ ಸಾಧನ) ಮುಳ್ಳನ್ನು ಸ್ಪಿಂಡಲ್‌ನ ಒಳ ಟೇಪರ್‌ಗೆ (ಒಂದು ಕಡೆಗೆ ಕಿರಿದಾಗುತ್ತಾ ಹೋಗುವ ಮೈ) ತಾಗಿಸಿ. ಒಂದು ಸುತ್ತಿಗೆ ಸೂಜಿ 0.01 ಮಿಮೀ ಒಳಗೇ ಆಡಿದರೆ ಸ್ಪಿಂಡಲ್ ಸರಿ. ಸ್ಪಿಂಡಲನ್ನು ಅಡ್ಡಕ್ಕೆ ತಳ್ಳಿದಾಗ ಸೂಜಿ ಓಡಿ, ಬಿಟ್ಟ ಮೇಲೂ ಹಿಂದೆ ಬರದಿದ್ದರೆ ಬೇರಿಂಗ್ ಸಡಿಲ. ಆಗ ಚಕ್ಕಿನ ಮಾತು ಆಮೇಲೆ.

ಚಕ್ ಮತ್ತು ಆರ್ಬರ್ ನಡುವೆ ಜೋಡಿ ವೆಜ್ (ಬೆಣೆ) ಹೊಡೆದು ಚಕ್ ಬಿಡಿಸಿ, ಬರೀ ಆರ್ಬರನ್ನು ಸ್ಪಿಂಡಲ್‌ಗೆ ಏರಿಸಿ, ಚಕ್ ಕೂರುವ ಟೇಪರ್ ಮೇಲೆ ಡಯಲ್ ಹಿಡಿಯಿರಿ. ಸೂಜಿ ಅತಿ ಹೆಚ್ಚು ತೋರಿಸುವ ಜಾಗಕ್ಕೆ ಆರ್ಬರ್ ಮೇಲೂ ಸ್ಪಿಂಡಲ್ ಮೂತಿಯ ಮೇಲೂ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಐಎಸ್‌ಒ 40 ಸ್ಪಿಂಡಲ್ (ಮೂತಿಯಲ್ಲಿ ಎದುರುಬದುರು ಎರಡು ಕೀ ಇರುವ ಮಾದರಿ) ಆದರೆ ಆರ್ಬರನ್ನು 180 ಡಿಗ್ರಿ ತಿರುಗಿಸಿ ಮತ್ತೆ ಬಿಗಿಯಿರಿ. ಹೆಚ್ಚಿನ ಜಾಗ ಆರ್ಬರ್‌ನ ಗೆರೆಯ ಜೊತೆ ಹೋದರೆ ದೋಷ ಆರ್ಬರ್‌ನದು, ಸ್ಪಿಂಡಲ್‌ನ ಗೆರೆಯಲ್ಲೇ ಉಳಿದರೆ ಸ್ಪಿಂಡಲ್‌ನದು.

ಆರ್ಬರ್ ಸರಿಯಿದ್ದರೆ ಚಕ್ ಹಾಕಿ 10 ಮಿಮೀ ಡೋವೆಲ್ ಪಿನ್ (ಗಟ್ಟಿ ಉಕ್ಕಿನ ನೇರ, ನಯವಾದ ಸರಳು) ಹಿಡಿಸಿ. ಹಳೆಯ ಬಿಟ್‌ನ ಶ್ಯಾಂಕ್ ಬೇಡ, ಅದು ಮೆದು, ಜಾರಿ ಜಾರಿ ಗೀರು ಎದ್ದಿರುತ್ತದೆ. ಜಾ (ಬಿಟ್ ಕಚ್ಚುವ ಚಕ್ಕಿನ ಹಲ್ಲು) ಹತ್ತಿರ ಒಮ್ಮೆ, 75 ಮಿಮೀ ಕೆಳಗೆ ಒಮ್ಮೆ ಅಳೆಯಿರಿ. ಎರಡೂ ಕಡೆ 0.04, 0.05 ಬಂದರೆ ಪಿನ್ ಬದಿಗೆ ಸರಿದಿದೆ ಅಷ್ಟೆ. ಮೇಲೆ 0.03, ಕೆಳಗೆ 0.15 ಎಂದರೆ ಓರೆಯಾಗಿದೆ: ಟೇಪರ್‌ನಲ್ಲಿ ಕಸ ಉಂಟು, ಇಲ್ಲವೇ ಜಾ ಹಲ್ಲುಗಳ ಬಾಯಿ ಸವೆದು ಅಗಲವಾಗಿದೆ.

ಈ ಓರೆಯೇ ಹೆಚ್ಚು ಕಾಡುವುದು. ಚಕ್ ಕೂರುವ ಬಿ16 ಅಳತೆಯ ಟೇಪರ್‌ನ ಉದ್ದ 24 ಮಿಮೀ ಮಾತ್ರ. ಅದರ ಒಂದು ತುದಿಯಲ್ಲಿ 0.03 ಮಿಮೀ ದಪ್ಪದ ಒಂದು ಚೂರು ಸಿಕ್ಕಿಕೊಂಡರೆ, 120 ಮಿಮೀ ಕೆಳಗೆ ಬಿಟ್‌ನ ತುದಿ ಸುಮಾರು 0.15 ಸರಿಯುತ್ತದೆ, ಡಯಲ್ ಅದರ ಎರಡು ಪಟ್ಟು ತೋರಿಸುತ್ತದೆ. ಕಣ್ಣಿಗೆ ಕಾಣದ ಚೂರು, ಉಗುರಿಗೆ ಮಾತ್ರ ತಾಗುತ್ತದೆ. ಬೈಕಂಪಾಡಿಯಿಂದ ಮಲ್ಪೆಯವರೆಗೆ ಕಡಲ ಗಾಳಿಗೆ ತೆರೆದ ವರ್ಕ್‌ಶಾಪ್‌ಗಳಲ್ಲಿ ತುಕ್ಕೂ ಇದೇ ಕೆಲಸ ಮಾಡುತ್ತದೆ. ಬೆವರಿನ ಕೈಯಲ್ಲಿ ಮುಟ್ಟಿಟ್ಟ ಟೇಪರ್ ಮೇಲೆ ಮಳೆಗಾಲದಲ್ಲಿ ಬೆಳಗಾಗುವುದರೊಳಗೆ ಬೆರಳಚ್ಚಿನ ಆಕಾರಕ್ಕೇ ಕೆಂಪು ಏಳುತ್ತದೆ. ಎದ್ದ ಭಾಗವನ್ನು ಮಾತ್ರ ನಯವಾದ ಆಯಿಲ್ ಸ್ಟೋನ್‌ನಿಂದ ತೆಗೆಯಿರಿ. ಎಮರಿ ಸುತ್ತಿ ತಿಕ್ಕಿದರೆ ಟೇಪರ್‌ನ ಆಕಾರವೇ ಹೋಗುತ್ತದೆ.

ಸೀಮೆಎಣ್ಣೆಯಲ್ಲಿ ತೊಳೆದು, ಬನಿಯನ್ ವೇಸ್ಟ್‌ನಿಂದ ಒರೆಸಿ, ಕೊನೆಗೆ ತಿನ್ನರ್ ಹಚ್ಚಿ ಜಿಡ್ಡು ಪೂರ್ತಿ ತೆಗೆಯಿರಿ. ಚಕ್ ಮತ್ತು ಆರ್ಬರ್ ನಡುವೆ ಎಣ್ಣೆ ಇರಲೇಬಾರದು. ಟೇಪರ್ ಮೇಲೆ ಉದ್ದಕ್ಕೆ ಒಂದು ತೆಳು ಗೆರೆ ಪ್ರಷ್ಯನ್ ಬ್ಲೂ (ಎಲ್ಲಿ ತಾಗುತ್ತದೆಂದು ತೋರಿಸುವ ನೀಲಿ ಬಣ್ಣ) ಎಳೆದು, ಚಕ್ ಕೂರಿಸಿ ಸ್ವಲ್ಪ ತಿರುಗಿಸಿ ತೆಗೆದು ನೋಡಿ. ಬಣ್ಣ ಮುಕ್ಕಾಲು ಭಾಗಕ್ಕಾದರೂ ಹರಡಿರಬೇಕು. ಒಂದೇ ತುದಿಯಲ್ಲಿ ಹತ್ತಿದ್ದರೆ ಟೇಪರ್ ಹೊಂದುತ್ತಿಲ್ಲ.

ಬ್ಲೂ ಒರೆಸಿ, ಜಾ ಹಲ್ಲುಗಳನ್ನು ಪೂರ್ತಿ ಒಳಗೆಳೆದು, ಚಕ್ಕಿನ ಮೂತಿಯನ್ನು ಮರದ ತುಂಡಿನ ಮೇಲಿಟ್ಟು, ಆರ್ಬರ್‌ನ ಹಿಂದಿನಿಂದ ಮ್ಯಾಲೆಟ್‌ನಲ್ಲಿ ಒಂದು ಗಟ್ಟಿ ಪೆಟ್ಟು ಕೊಡಿ. ಸ್ಪಿಂಡಲ್‌ನಲ್ಲಿಟ್ಟು ಹೊಡೆಯುವ ಅಭ್ಯಾಸ ದಯವಿಟ್ಟು ಬಿಡಿ, ಪೆಟ್ಟು ಬೀಳುವುದು ಬೇರಿಂಗ್‌ಗೆ.

ಆಮೇಲೂ 0.08 ಉಳಿದರೆ, ಚಕ್ ಬಿಡಿಸಿ 90 ಡಿಗ್ರಿ ತಿರುಗಿಸಿ ಕೂರಿಸಿ ಅಳೆಯಿರಿ. ಹೀಗೆ ನಾಲ್ಕು ಕಡೆ. ಆರ್ಬರ್‌ನ ಔಟ್, ಚಕ್ಕಿನ ಔಟ್ ಒಂದು ಕಡೆ ಕೂಡುತ್ತವೆ, ಇನ್ನೊಂದು ಕಡೆ ಕಳೆಯುತ್ತವೆ. ಕಡಿಮೆ ಬಂದ ಜಾಗಕ್ಕೆ ಎರಡರ ಮೇಲೂ ಪಂಚ್ ಗುರುತು ಹಾಕಿ. ಬಿಟ್ ಬಿಗಿಯುವಾಗ ಚಕ್ ಕೀಯನ್ನು ಮೂರು ತೂತಿನಲ್ಲೂ ಹಾಕಿ ಬಿಗಿಯಿರಿ, ಅಷ್ಟರಿಂದಲೇ ಕೆಲವೊಮ್ಮೆ ಔಟ್ ಇಳಿಯುತ್ತದೆ.

ಸಾಮಾನ್ಯ ಡ್ರಿಲ್ಲಿಂಗ್‌ಗೆ 0.05 ಸಾಕು. 0.1 ಇದ್ದರೂ ಮೊದಲು ಸ್ಪಾಟ್ ಡ್ರಿಲ್ (ತೂತಿನ ಜಾಗಕ್ಕೆ ಸಣ್ಣ ಕುಳಿ ಮಾಡುವ ಗಿಡ್ಡ ಬಿಟ್) ಹಾಕಿದರೆ 10 ಮಿಮೀ ತೂತು ಜಾಗ ತಪ್ಪುವುದಿಲ್ಲ. ಬೋಟ್ ಶಾಫ್ಟಿನ ಕಪ್ಲಿಂಗ್‌ಗೆ ರೀಮರ್ (ಕೊರೆದ ತೂತನ್ನು ನಿಖರ ಅಳತೆಗೆ ತರುವ ಕಟರ್) ಹಾಕುವಾಗ ಮಾತ್ರ ಇದು ನಡೆಯದು, ತೂತಿನ ಬಾಯಿ ಅಗಲವಾಗಿ ಬೋಲ್ಟ್ ಆಡುತ್ತದೆ. ಅದಕ್ಕೂ 3 ಮಿಮೀಗಿಂತ ಸಣ್ಣ ಬಿಟ್‌ಗೂ ಇಆರ್32 ಕಾಲೆಟ್ (ಸುತ್ತಲೂ ಸಮವಾಗಿ ಹಿಡಿಯುವ ಸೀಳು ಕೊಳವೆ) ಬಳಸಿ. ಎಂಡ್ ಮಿಲ್ಲನ್ನು (ಬದಿಯಿಂದಲೂ ಕತ್ತರಿಸುವ ಕಟರ್) ಡ್ರಿಲ್ ಚಕ್‌ಗೆ ಹಾಕಲೇಬೇಡಿ: ಅಡ್ಡ ಒತ್ತಡಕ್ಕೆ ಟೇಪರ್ ಬಿಟ್ಟು ಚಕ್ ತಿರುಗುತ್ತಿರುವಾಗಲೇ ಕಳಚಿ ಬೀಳುತ್ತದೆ.