ಕೂಲರ್ ಮುಟ್ಟಿದರೆ ಜುಮ್ ಅಂತಿತ್ತು

ರಾಯಚೂರಿನ ಬೇಸಿಗೆ ನಿಮಗೆ ಹೇಳಬೇಕಾಗಿಲ್ಲ. ಏಪ್ರಿಲ್‌ನಲ್ಲೇ 40 ಡಿಗ್ರಿ ದಾಟುತ್ತೆ, ಕೂಲರ್ ಇಲ್ಲದೆ ನಿದ್ದೆ ಹತ್ತಲ್ಲ. ನಮ್ಮದು ತಗಡಿನ ಬಾಡಿಯ ಹಳೇ ಕೂಲರ್. ಹೋದ ವರ್ಷ ನೀರು ಹಾಕಲು ಹೋದ ಮಗಳು ಕೈ ಹಿಂದಕ್ಕೆ ಎಳೆದುಕೊಂಡು, "ಅಪ್ಪಾ, ಕೂಲರ್ ಜುಮ್ ಅಂತೈತಿ" ಅಂದಳು. ಬರಿಗಾಲು, ಕೆಳಗೆಲ್ಲ ಚೆಲ್ಲಿದ ನೀರು, ಕೈಯಲ್ಲಿ ಸ್ಟೀಲ್ ಕೊಡ. ಈಗ ನೆನೆಸಿಕೊಂಡರೂ ಎದೆ ಧಸಕ್ ಅನ್ನುತ್ತೆ.

ಅವಳನ್ನು ದೂರ ನಿಲ್ಲಿಸಿ, ಮೇನ್ ಆಫ್ ಮಾಡಿ, ಆಮೇಲೆ ಪ್ಲಗ್ ಕಿತ್ತೆ. ಮರುದಿನ ಎಲೆಕ್ಟ್ರಿಷಿಯನ್ ಬಂದು ನೋಡಿದರೆ, ನೀರಲ್ಲಿ ಮುಳುಗಿರುವ ಪಂಪಿನ ವೈರ್ ಸಿಪ್ಪೆ ಬಿಟ್ಟಿತ್ತು. ಅಲ್ಲಿಂದ ಕರೆಂಟ್ ನೀರಿಗೆ, ನೀರಿಂದ ಕೂಲರಿನ ತಗಡಿನ ಬಾಡಿಗೆ. ಆದರೆ ಮೂರು ಪಿನ್ನಿನ ಪ್ಲಗ್ ಇದೆಯಲ್ಲ, ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ಅರ್ಥಿಂಗ್ ಇದೆಯಲ್ಲ ಅಂತ ಕೇಳಿದೆ. ಅವರು ಫೇಸ್‌ಗೂ ಅರ್ಥ್‌ಗೂ ನಡುವೆ ಒಂದು ಬಲ್ಬ್ ಹಚ್ಚಿ ತೋರಿಸಿದರು. ಅರ್ಥಿಂಗ್ ಸರಿ ಇದ್ದಿದ್ದರೆ ಚೆನ್ನಾಗಿ ಉರಿಯಬೇಕಿತ್ತು, ಚಿಮಣಿ ದೀಪದಷ್ಟೂ ಬೆಳಕಿಲ್ಲ!

"ಅಣ್ಣಾ, ಅರ್ಥಿಂಗ್ ಗುಂಡಿಗೆ ನೀರು ಹಾಕಿ ಎಷ್ಟು ದಿನ ಆತು?" ಅಂದರು. ಮನೆ ಕಟ್ಟಿಸಿದಾಗಿನಿಂದ ಹಾಕಿಯೇ ಇರಲಿಲ್ಲ. ಹಾಕಬೇಕು ಅಂತ ಯಾರೂ ಹೇಳಿರಲೂ ಇಲ್ಲ. ಅರ್ಥಿಂಗ್ ಗುಂಡಿಯಲ್ಲಿ ಪೈಪಿನ ಸುತ್ತ ಉಪ್ಪು, ಇದ್ದಿಲು ತುಂಬಿರುತ್ತಾರಲ್ವಾ, ಅದು ಹಸಿ ಇದ್ದರೇನೇ ಕರೆಂಟ್ ಭೂಮಿಗೆ ಇಳಿಯೋದು. ನಮ್ಮ ಬಿಸಿಲಿಗೆ ಅದು ಒಣಗಿ ಹಂಚಾಗಿತ್ತು.

ಬೋರ್ಡಿನಲ್ಲಿ ತಾನಾಗಿಯೇ ಕರೆಂಟ್ ಕಡಿಯುವ ಸ್ವಿಚ್, ಅಂದರೆ ಎಂಸಿಬಿ, ಯಾಕೆ ಬೀಳಲಿಲ್ಲ ಅನ್ನೋದೂ ಆಗಲೇ ಗೊತ್ತಾಯಿತು. ಅದು ಬೀಳೋದು ಲೋಡ್ ಜಾಸ್ತಿಯಾದರೆ, ಇಲ್ಲ ಶಾರ್ಟ್ ಆದರೆ. ಮನುಷ್ಯನ ಮೈಯಲ್ಲಿ ಹರಿಯುವಷ್ಟು ಕರೆಂಟ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅಷ್ಟು ಸಣ್ಣ ಸೋರಿಕೆಗೂ ಕರೆಂಟ್ ಕಡಿಯೋಕೆ ಆರ್‌ಸಿಸಿಬಿ ಅಂತ ಬೇರೆ ಸ್ವಿಚ್ ಬೇಕು, ಮನೆಗೆ 30 ಮಿಲಿ ಆಂಪಿಯರ್‌ದು. ಅದೇ ವಾರ ಹಾಕಿಸಿದೆ, ಪಂಪನ್ನೂ ಹೊಸದು ಮಾಡಿಸಿದೆ.

ಈಗ ಬೇಸಿಗೆ ಪೂರ್ತಿ ಪ್ರತಿ ಭಾನುವಾರ ಗುಂಡಿಗೆ ಎರಡು ಕೊಡ ನೀರು. ಕೂಲರ್‌ಗೆ ನೀರು ತುಂಬೋ ಮುಂಚೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು, ಕಾಲಲ್ಲಿ ಚಪ್ಪಲಿ ಇರಬೇಕು. ಆರ್‌ಸಿಸಿಬಿ ಮೇಲೆ ಟೆಸ್ಟ್ ಬಟನ್ ಇರುತ್ತೆ, ತಿಂಗಳಿಗೊಮ್ಮೆ ಒತ್ತಿ ನೋಡುತ್ತೇವೆ, ಟಕ್ ಅಂತ ಬೀಳಬೇಕು. ಬೀಳಲಿಲ್ಲ ಅಂದ್ರೆ ಅದು ಕೆಟ್ಟಿದೆ, ಕೂಡಲೇ ಬದಲಿಸಿ.

ಬಾಡಿಗೆ ಮನೆಯವರು ಓನರ್‌ಗೆ ಇವತ್ತೇ ಕೇಳಿ, ಅರ್ಥಿಂಗ್ ಗುಂಡಿ ಎಲ್ಲಿದೆ ಅಂತ. ನಮ್ಮ ಓಣಿಯಲ್ಲಿ ಕೇಳಿದಾಗ ಒಂದು ಮನೆಯವರು ಅದರ ಮೇಲೇ ಕಟ್ಟಿಗೆ ಒಟ್ಟಿದ್ದರು. ನಾನೂ ಅವರೂ ಸೇರಿ ಕಟ್ಟಿಗೆ ಸರಿಸಿ ನೀರು ಹಾಕಿದೆವು.