ಯೆಜ್ಡಿ ಪಿಸ್ಟನ್‌ಗೆ ಅಂಟಿದ ಕರಿ ತೆಗೆಯುವ ಬಗೆ

ಮೈಸೂರಿನಲ್ಲಿ 1996ರವರೆಗೆ ತಯಾರಾದ ಯೆಜ್ಡಿ ಬೈಕುಗಳು ಟೂ ಸ್ಟ್ರೋಕ್ ಗಾಡಿಗಳು. ಪೆಟ್ರೋಲಿನ ಜೊತೆ ಆಯಿಲ್ ಕೂಡ ಉರಿಯುವುದರಿಂದ ಪಿಸ್ಟನ್ ತಲೆ, ಹೆಡ್ (ಸಿಲಿಂಡರಿನ ಮೇಲ್ಮುಚ್ಚಳ), ಸೈಲೆನ್ಸರುಗಳ ಒಳಗೆ ಕರಿ ಕಟ್ಟುತ್ತದೆ. ಎಳೆತ ಕುಗ್ಗಿದ್ದರೆ ಮೊದಲು ಅಲ್ಲಿ ನೋಡಿ.

ದಯವಿಟ್ಟು ಪಿಸ್ಟನ್, ಹೆಡ್ಡುಗಳನ್ನು ಕಾಸ್ಟಿಕ್ ಸೋಡಾದಲ್ಲಿ ಮುಳುಗಿಸಬೇಡಿ. ಅವು ಅಲ್ಯೂಮಿನಿಯಂ. ದ್ರಾವಣ ನೊರೆಯುಕ್ಕಿ ಲೋಹವನ್ನೇ ತಿನ್ನುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವೂ ಹೊರಬರುತ್ತದೆ. ಡೀಸೆಲ್ಲಿನಲ್ಲಿ ಒಂದು ರಾತ್ರಿ ನೆನೆಸಿಡಿ, ಸಾಲದಿದ್ದರೆ ಎರಡು ರಾತ್ರಿ. ಬೆಳಿಗ್ಗೆ ಚೂಪು ಮಾಡಿದ ಬಿದಿರಿನ ಚಕ್ಕೆಯಿಂದ ಕೆರೆದರೆ ಕರಿ ಹಪ್ಪಳದಂತೆ ಏಳುತ್ತದೆ. ಉಳಿದದ್ದಕ್ಕೆ ಹಿತ್ತಾಳೆ ಬ್ರಷ್ ಸಾಕು. ಸ್ಕ್ರೂಡ್ರೈವರ್ ಬೇಡವೇ ಬೇಡ. ಅದು ಎಳೆಯುವ ಗೀರಿನಲ್ಲೇ ಮುಂದಿನ ಕರಿ ಬೇರೂರುತ್ತದೆ.

ಪಿಸ್ಟನ್ ಸುತ್ತ ರಿಂಗ್ ಕೂರುವ ತೋಡಿನಲ್ಲಿ ಮಾತ್ರ ತಾಳ್ಮೆ ಬೇಕು. ಮುರಿದ ಹಳೆಯ ರಿಂಗಿನ ತುಂಡನ್ನು ಅದರೊಳಗೆ ಮೆಲ್ಲಗೆ ಸುತ್ತಲೂ ಎಳೆಯಿರಿ. ಅಳತೆ ಸರಿಹೊಂದುವುದರಿಂದ ಇದಕ್ಕಿಂತ ಒಳ್ಳೆಯ ಸಲಕರಣೆ ಇಲ್ಲ. ಕರಿ ಹೋಗಿ ಬಿಳಿ ಲೋಹ ಕಂಡೊಡನೆ ನಿಲ್ಲಿಸಿ. ಅಂಚು ಸವೆದರೆ ಪಿಸ್ಟನ್ನೇ ಹೋಯಿತು.

ಸೈಲೆನ್ಸರಿನ ಒಳಗಿನ ಕೊಳವೆ ಉಕ್ಕಿನದ್ದು, ಅದಕ್ಕೆ ಕಾಸ್ಟಿಕ್ ಸೋಡಾ ನಡೆಯುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು, ತಣ್ಣೀರಿಗೆ ಸೋಡಾವನ್ನು ಸ್ವಲ್ಪಸ್ವಲ್ಪವೇ ಸೇರಿಸಿ. ಸೋಡಾದ ಮೇಲೆ ನೀರು ಸುರಿಯಬೇಡಿ, ಸಿಡಿಯುತ್ತದೆ.